ಪಾನಾ ಮುರಿದ್ರೆ ಹೊಸದು ಕೊಡ್ತಾರೆ, ಬೆರಳ ಗೆಣ್ಣಿಗೆ?

ಹೋದ ಸಂಚಿಕೇಲಿ ಮನೇಲೇ ಎಂಜಿನ್ ಆಯಿಲ್ ಬದಲಾಯಿಸೋದು ಹೇಗೆ ಅಂತ ಬರೆದಿದ್ದೆ. ಆಯಿಲ್ ಬಗ್ಗೆ ಬಂದಿದ್ದು ಎರಡೇ ಪ್ರಶ್ನೆ, ಮಿಕ್ಕಿದ್ದೆಲ್ಲ ಟೂಲ್ಸ್ ಬಗ್ಗೆ, ಅದ್ರಲ್ಲೂ ಅರ್ಧಕ್ಕರ್ಧ ಈ ಲೈಫ್‌ಟೈಮ್ ಗ್ಯಾರಂಟಿ ಬಗ್ಗೆ. ಹಂಗಾಗಿ ಈ ಸಲ ಪೂರ್ತಿ ಅದೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ನಿಮ್ಮದು ಕಾಣ್ತಿಲ್ಲ ಅಂದ್ರೆ ಇನ್ನೊಬ್ಬರ ಪ್ರಶ್ನೆಯೊಳಗೆ ಸೇರ್ಕೊಂಡಿದೆ ಅಂದ್ಕೊಳ್ಳಿ.

ಪ್ರಶ್ನೆ: ಕಾರಿನ ಸಣ್ಣಪುಟ್ಟ ಕೆಲಸ ನಾನೇ ಮಾಡ್ಕೊಳ್ಳೋಣ ಅಂತ ಸಾಕೆಟ್ ಸೆಟ್ (ಬೋಲ್ಟ್ ತಲೆ ಮೇಲೆ ಟೋಪಿ ಥರ ಕೂರೋ ಪಾನಾಗಳು) ನೋಡ್ತಿದೀನಿ. ಒಂದು ಸೆಟ್ಟಿನ ಡಬ್ಬದ ಮೇಲೆ ಲೈಫ್‌ಟೈಮ್ ಗ್ಯಾರಂಟಿ ಅಂತ ದಪ್ಪಕ್ಷರದಲ್ಲಿ ಇದೆ, ರೇಟು ಮಾತ್ರ ಪಕ್ಕದಲ್ಲಿರೋದಕ್ಕಿಂತ ಎರಡು ಪಟ್ಟು. ಲೈಫ್‌ಟೈಮ್ ಅಂದ್ರೆ ಯಾರದು ಸಾರ್, ನಂದಾ, ಸಾಕೆಟ್ಟಿಂದಾ, ಕಂಪನೀದಾ?

ಕೇಳಬೇಕಾದ್ದನ್ನೇ ಕೇಳಿದೀರಿ. ಉತ್ತರ ಏನಂದ್ರೆ, ಅದು ಡಬ್ಬದ ಮೇಲಿನ ದಪ್ಪಕ್ಷರದಲ್ಲಿ ಇರಲ್ಲ, ಒಳಗಿರೋ ಚೀಟಿಯ ಸಣ್ಣಕ್ಷರದಲ್ಲಿ ಇರುತ್ತೆ. ಕೆಲವು ಕಂಪನಿ ಪ್ರಕಾರ ಅದು ಮೊದಲು ಕೊಂಡವನ ಆಯಸ್ಸು, ನೀವು ತಮ್ಮನಿಗೆ ಕೊಟ್ರೆ ಅಲ್ಲಿಗೆ ಮುಗೀತು. ಇನ್ನು ಕೆಲವರ ಪ್ರಕಾರ ಟೂಲಿನ ಆಯಸ್ಸು, ಅಂದ್ರೆ ಮಾಮೂಲಿ ಬಳಕೇಲಿ ಎಷ್ಟು ದಿನ ಬಾಳಬೇಕೋ ಅಷ್ಟು, ಮತ್ತೆ ಅದು ಎಷ್ಟು ದಿನ ಅಂತ ತೀರ್ಮಾನ ಮಾಡೋದು ಅವರೇ. ಆ ಮಾಡೆಲ್ ತಯಾರಾಗ್ತಿರೋವರೆಗೆ ಮಾತ್ರ ಅನ್ನೋರೂ ಇದಾರೆ. ಇದೆಲ್ಲಕ್ಕಿಂತ ದೊಡ್ಡ ಕತ್ತರಿ ಅಂದ್ರೆ "ತಯಾರಿಕೆಯ ದೋಷಕ್ಕೆ ಮಾತ್ರ" ಅನ್ನೋ ಸಾಲು. ಸವೆದಿದ್ದು, ತಪ್ಪು ಬಳಕೆಯಿಂದ ಮುರಿದಿದ್ದು, ತುಕ್ಕು ಹಿಡಿದಿದ್ದು, ನೀವು ಗ್ರೈಂಡರ್‌ಗೆ ಕೊಟ್ಟು ತೆಳ್ಳಗೆ ಮಾಡ್ಕೊಂಡಿದ್ದು, ಇದ್ಯಾವುದೂ ದೋಷದ ಲೆಕ್ಕಕ್ಕೆ ಬರಲ್ಲ. ಈ ಸಾಲು ಇಲ್ಲದೆ "ಮುರಿದ್ರೆ ತನ್ನಿ, ಬದಲಿ ಕೊಡ್ತೀವಿ" ಅಂತ ಬರೆದಿರೋ ಗ್ಯಾರಂಟಿನೂ ಇದೆ, ಅದಕ್ಕೆ ಬೆಲೆ ಬೇರೇನೇ.

ಈ ಮಾತು ಇಷ್ಟು ಹಬ್ಬಿದ್ದರ ಹಿಂದೆ ಅಮೆರಿಕದ ಸಿಯರ್ಸ್ ಅನ್ನೋ ಅಂಗಡಿ ಸರಪಳಿಯ ಪಾಲು ದೊಡ್ಡದು. 1927ರಲ್ಲಿ ಅವರು ಕ್ರಾಫ್ಟ್ಸ್‌ಮನ್ ಅಂತ ಹೆಸರಿಟ್ಟು ಟೂಲ್ಸ್ ಮಾರೋಕೆ ಶುರು ಮಾಡಿದ್ರು, ಮುಂದೆ ಅದರ ಕೈಟೂಲ್ಸ್ ಅಂದ್ರೇನೇ ಮುರಿದಿದ್ದು ಕೊಟ್ಟು ಹೊಸದು ತರೋದು ಅನ್ನೋ ಹಂಗಾಯ್ತು. ಮುರಿದ ಸ್ಪ್ಯಾನರ್ ಕೌಂಟರ್ ಮೇಲೆ ಇಟ್ರೆ ಬಿಲ್ಲೂ ಕೇಳ್ದೆ ಹೊಸದು ಕೊಡ್ತಿದ್ರು ಅಂತ ಅಲ್ಲಿನ ಹಳಬರು ಇವತ್ತಿಗೂ ನೆನೆಸ್ಕೋತಾರೆ. ಆಮೇಲೆ 2017ರಲ್ಲಿ ಆ ಬ್ರ್ಯಾಂಡನ್ನ ಸ್ಟಾನ್ಲಿ ಬ್ಲ್ಯಾಕ್ ಆಂಡ್ ಡೆಕರ್‌ಗೆ ಮಾರಿದ್ರು, 2018ರ ಅಕ್ಟೋಬರ್‌ನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕ್ತು. ಕೊಂಡುಕೊಂಡ ಕಂಪನಿ ಗ್ಯಾರಂಟಿಯ ಮಾತನ್ನೇನೋ ಉಳಿಸ್ಕೊಂಡಿದೆ, ಆದ್ರೆ ಮುರಿದ ರಾಟ್ಚೆಟ್ (ಸಾಕೆಟ್ ಸಿಕ್ಕಿಸಿ ತಿರುಗಿಸೋ ಹಿಡಿ) ಹಿಡ್ಕೊಂಡು ಹೋಗ್ತಿದ್ದ ಆ ಕೌಂಟರ್‌ಗಳಲ್ಲಿ ಹೆಚ್ಚಿನವು ಮುಚ್ಚಿಹೋದ್ವು, ಹಳೇ ಮಾಡೆಲ್ ಸಿಗದೇ ಇದ್ರೆ ಹತ್ತಿರದ್ದು ಯಾವುದೋ ಒಂದು. ಸಾಕೆಟ್ ಗಟ್ಟಿಮುಟ್ಟಾಗೇ ಇತ್ತು, ಮೊದಲು ಮುರಿದಿದ್ದು ಅಂಗಡಿ.

ಹಂಗಾಗಿ ನೀವು ಕೊಂಡುಕೊಳ್ಳೋ ಮುಂಚೆ ಅಂಗಡಿಯವರನ್ನ ಒಂದೇ ಒಂದು ಪ್ರಶ್ನೆ ಕೇಳಿ: "ನಾಳೆ ಇದರಲ್ಲಿ 12ರ (ಅಂದ್ರೆ 12 ಮಿಲಿಮೀಟರ್) ಸಾಕೆಟ್ ಒಡೆದ್ರೆ ನಾನು ಏನು ಮಾಡ್ಬೇಕು?" ಇಲ್ಲಿಗೇ ತನ್ನಿ, ನಾನೇ ಬದಲಿ ಕೊಡ್ತೀನಿ ಅಂದ್ರೆ ಆ ಗ್ಯಾರಂಟಿಗೆ ದುಡ್ಡು ಕೊಡಬಹುದು. ಇಡೀ ಸೆಟ್ ಪ್ಯಾಕ್ ಮಾಡಿ ನಿಮ್ಮ ಖರ್ಚಲ್ಲಿ ಕಳಿಸಿ, ಪರೀಕ್ಷೆ ಮಾಡಿ ಹೇಳ್ತಾರೆ ಅಂದ್ರೆ ಆ ದಪ್ಪಕ್ಷರ ಬರೀ ಡಬ್ಬದ ಅಲಂಕಾರ, ಯಾಕಂದ್ರೆ ಒಂದು ಸಾಕೆಟ್ ಕಳಿಸೋ ಖರ್ಚಲ್ಲಿ ಒಂದು ಸಾಕೆಟ್ಟೇ ಬರುತ್ತೆ.

ಪ್ರಶ್ನೆ: ಹಂಗಾದ್ರೆ ಗ್ಯಾರಂಟಿ ಇಲ್ಲದ ಅಗ್ಗದ ಸೆಟ್ ತಗೊಂಡು, ಮುರಿದಾಗ ಇನ್ನೊಂದು ತಗೊಳ್ಳೋದೇ ಲಾಭ ಅಲ್ವಾ?

ಲೆಕ್ಕದಲ್ಲಿ ಲಾಭಾನೇ, ಆದ್ರೆ ಆ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ನನ್ನ ಕಥೆ ಹೇಳ್ತೀನಿ ಕೇಳಿ. ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸೋಕೆ ಕೂತಿದ್ದೆ, ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಬೋಲ್ಟಿಗೆ 14ರ ಸಾಕೆಟ್ ಹಾಕಿದೆ, ಹನ್ನೆರಡು ಮೂಲೆಯದ್ದು, ಹೆಸರಿಗೆ ಲೈಫ್‌ಟೈಮ್ ಗ್ಯಾರಂಟಿ ಅದಕ್ಕೂ ಇತ್ತು. ಹಾಕಿದಾಗಲೇ ಸ್ವಲ್ಪ ಲೊಡಲೊಡ ಅಂತಿತ್ತು, ಇರ್ಲಿ ಬಿಡು ಅಂತ ಜೋರಾಗಿ ಎಳೆದೆ, ಟಕ್ ಅಂತ ಒಂದು ಸದ್ದು, ಬೋಲ್ಟ್ ಬಿಡ್ತು ಅಂದ್ಕೊಂಡೆ, ಬಿಟ್ಟಿದ್ದು ಬೋಲ್ಟಲ್ಲ, ಸಾಕೆಟ್ ಬೋಲ್ಟಿನ ಮೂಲೆಗಳನ್ನ ಕೆರೆದು ಜಾರಿತ್ತು, ನನ್ನ ಮುಷ್ಟಿ ಹೋಗಿ ಬ್ರೇಕ್ ಡಿಸ್ಕಿನ ಅಂಚಿಗೆ ಬಡೀತು. ಎರಡು ಗೆಣ್ಣಿನ ಚರ್ಮ ಎದ್ದು ಬಂತು. ಆ ಕಡೆ ಬೋಲ್ಟ್ ತಲೆ ಗೋಲಿ ಥರ ಗುಂಡಗೆ. ಸಾಕೆಟ್ ನೋಡಿದ್ರೆ ಒಂದು ಬದಿ ಕೂದಲೆಳೆಯಷ್ಟು ಸೀಳು. ಕಂಪನಿಗೆ ಬರೆದೆ, ಪಾಪ ಅವರು ತಕರಾರು ಮಾಡ್ಲಿಲ್ಲ, ಮೂರು ವಾರಕ್ಕೆ ಹೊಸ ಸಾಕೆಟ್ ಬಂತು. ಆದ್ರೆ ಆ ಬೋಲ್ಟ್ ತೆಗೆಯೋಕೆ ಹೋಗಿದ್ದು ಒಂದು ಇಡೀ ದಿನ, ಒಂದು ಎಕ್ಸ್‌ಟ್ರಾಕ್ಟರ್ ಸೆಟ್, ಒಂದು ಹೊಸ ಬೋಲ್ಟ್, ಮತ್ತೆ ಕಾರು ಚಕ್ರ ಇಲ್ದೆ ಸ್ಟ್ಯಾಂಡ್ ಮೇಲೆ ನಿಂತಿದ್ದಕ್ಕೆ ಮನೆಯವರಿಂದ ಕೇಳಿದ ಮಾತು. ಇದ್ಯಾವುದೂ ಗ್ಯಾರಂಟಿ ಚೀಟಿಲಿ ಇರಲ್ಲ. ಅವರು ಕೊಡೋದು ಉಕ್ಕಿಗೆ ಉಕ್ಕು ಅಷ್ಟೇ.

ಅದಕ್ಕೆ ನಾನು ಟೂಲ್ಸನ್ನ ಎರಡು ರಾಶಿ ಮಾಡ್ತೀನಿ. ಕೈಕೊಟ್ರೆ ಬರೀ ಟೂಲ್ ಹಾಳಾಗೋವು ಒಂದು ರಾಶಿ: ಸುತ್ತಿಗೆ, ಫನಲ್, ಆಯಿಲ್ ಹಿಡಿಯೋ ಟ್ರೇ, ಮ್ಯಾಗ್ನೆಟ್ ಕಡ್ಡಿ, ಇವೆಲ್ಲ ಯಾವುದಾದ್ರೂ ನಡೆಯುತ್ತೆ. ಕೈಕೊಟ್ರೆ ಬೋಲ್ಟೋ, ಥ್ರೆಡ್ಡೋ, ಕೈಯೋ ಹಾಳಾಗೋವು ಇನ್ನೊಂದು ರಾಶಿ: 10, 12, 14, 17ರ ಸಾಕೆಟ್ ಮತ್ತು ಸ್ಪ್ಯಾನರ್‌ಗಳು, ರಾಟ್ಚೆಟ್, ಸ್ಟಾರ್ ಸ್ಕ್ರೂ ಡ್ರೈವರ್, ಬ್ರೇಕ್ ಪೈಪಿನ ನಟ್ಟಿಗೆ ಹಾಕೋ ಫ್ಲೇರ್ ನಟ್ ಸ್ಪ್ಯಾನರ್. ಇಲ್ಲಿ ಜಿಪುಣತನ ಬೇಡ, ಗ್ಯಾರಂಟಿ ಇರ್ಲಿ ಇಲ್ದೇ ಇರ್ಲಿ. ನೂರೆಂಟು ಪೀಸಿನ ಸೂಟ್‌ಕೇಸ್ ಬದಲು ಈ ಎರಡನೇ ರಾಶಿಯಿಂದ ಹತ್ತೇ ಹತ್ತು ಒಳ್ಳೇದು ತಗೊಳ್ಳಿ, ಸೂಟ್‌ಕೇಸಿನಲ್ಲಿ ಎಂಬತ್ತು ಪೀಸ್ ನೀವು ಯಾವತ್ತೂ ಮುಟ್ಟದ ಬಿಟ್‌ಗಳೇ ಇರುತ್ತೆ.

ಪ್ರಶ್ನೆ: ಎಲ್ಲಾ ಸ್ಪ್ಯಾನರ್ ಮೇಲೂ ಕ್ರೋಮ್ ವೆನೇಡಿಯಂ ಅಂತಾನೇ ಇದೆ. ಒಳ್ಳೇದು ಯಾವುದು ಅಂತ ಹೆಂಗೆ ಗುರುತು ಹಿಡಿಯೋದು?

ಅದು ಒಂದು ಬಗೆಯ ಉಕ್ಕಿನ ಹೆಸರು, ಯಾರು ಬೇಕಾದ್ರೂ ಒತ್ತಬಹುದು. ಉಕ್ಕು ಅದೇ ಇರಬಹುದು ಕೂಡ, ಆದ್ರೆ ಸ್ಪ್ಯಾನರ್ ಬಾಳಿಕೆ ನಿಂತಿರೋದು ಅದನ್ನ ಕಾಯಿಸಿ, ತಣಿಸಿ, ಮತ್ತೆ ಹದಕ್ಕೆ ಕಾಯಿಸೋ ಕೆಲಸದಲ್ಲಿ. ಹದ ಕಮ್ಮಿ ಆದ್ರೆ ಬಾಯಿ ಅಗಲ ಆಗುತ್ತೆ, ಬೋಲ್ಟ್ ಸವೆಸುತ್ತೆ. ಹದ ಮೀರಿದ್ರೆ ಗಾಜಿನ ಥರ ಚಟ್ ಅಂತ ಮುರಿಯುತ್ತೆ. ಅರ ಅಂದ್ರೆ ಫೈಲು ಇದಕ್ಕಿಂತ ಎಷ್ಟೋ ಗಡಸು, ಆದ್ರೆ ಫೈಲಿಂದ ಏನಾದ್ರೂ ಮೀಟೋಕೆ ಹೋಗಿ ನೋಡಿ, ಎರಡು ತುಂಡು. ಹಂಗಾಗಿ "ನಮ್ದು ಅತೀ ಗಡಸು" ಅನ್ನೋ ಜಾಹೀರಾತು ನೋಡಿದ್ರೆ ನನಗೆ ನಗು ಬರುತ್ತೆ, ಸ್ಪ್ಯಾನರ್‌ಗೆ ಬೇಕಿರೋದು ಗಡಸು ಮತ್ತು ಜಿಗುಟು ಎರಡರ ನಡುವಿನ ಜಾಗ.

ಕಣ್ಣಿಗೆ ಹದ ಕಾಣಲ್ಲ, ಅಳತೆ ಮಾತ್ರ ಕಾಣುತ್ತೆ. ಜೇಬಲ್ಲಿ ಒಂದು ಹೊಸ ಎಂ8 (ಕಾಂಡ 8 ಮಿಲಿಮೀಟರ್ ದಪ್ಪ) ಬೋಲ್ಟ್ ಹಾಕ್ಕೊಂಡು ಅಂಗಡಿಗೆ ಹೋಗಿ, ಅದರ ತಲೆ ಸಾಮಾನ್ಯವಾಗಿ 13, ಎಷ್ಟೋ ಜಪಾನಿ ಕಾರಲ್ಲಿ 12. ಸಾಕೆಟ್ ಒಳಗೆ ಬೋಲ್ಟ್ ಇಟ್ಟು ಬೆರಳಲ್ಲಿ ತಿರುಗಿಸಿ ನೋಡಿ, ಎಷ್ಟು ಆಟ ಇದೆ ಅಂತ. ಒಳ್ಳೇ ಸಾಕೆಟ್ಟಲ್ಲಿ ಇದ್ಯೋ ಇಲ್ವೋ ಅನ್ನೋಷ್ಟು, ಕಳಪೇಲಿ ಗಡಿಯಾರದ ಲೋಲಕದ ಹಂಗೆ ಆಡುತ್ತೆ. ಆಮೇಲೆ ಸಾಕೆಟ್ ಬಾಯೊಳಗೆ ಇಣುಕಿ: ಮೂಲೆಗಳು ಚೂಪಾಗಿ ಇಲ್ದೆ ಸ್ವಲ್ಪ ಗುಂಡಗೆ ಕಡೆದಿದ್ರೆ ಒಳ್ಳೇ ಲಕ್ಷಣ, ಒತ್ತಡ ಬೋಲ್ಟಿನ ಮೂಲೆಗೆ ಬೀಳದೆ ಚಪ್ಪಟೆ ಬದಿಗೆ ಬೀಳ್ಲಿ ಅಂತ ಹಂಗೆ ಮಾಡಿರ್ತಾರೆ. ಅಮೆರಿಕದ ಟೂಲ್ ಕಂಪನಿ ಸ್ನ್ಯಾಪ್-ಆನ್‌ನವರು ಇದನ್ನ ಫ್ಲ್ಯಾಂಕ್ ಡ್ರೈವ್ ಅಂತ ಕರೀತಾರೆ, ಈಗ ಬೇರೆ ಬೇರೆ ಹೆಸರಲ್ಲಿ ತುಂಬ ಕಂಪನಿಗಳಲ್ಲಿ ಇದೆ. ಮತ್ತೆ ಆರು ಮೂಲೆಯದ್ದೇ ತಗೊಳ್ಳಿ. ಹನ್ನೆರಡು ಮೂಲೆಯದ್ದು ಇಕ್ಕಟ್ಟಲ್ಲಿ ಬೇಗ ಕೂರುತ್ತೆ ನಿಜ, ಆದ್ರೆ ತುಕ್ಕು ಹಿಡಿದ ಬೋಲ್ಟ್ ಮುಂದೆ ಅದು ಏನು ಮಾಡುತ್ತೆ ಅಂತ ನನ್ನ ಗೆಣ್ಣು ಕೇಳಿ.

ಡಿಐಎನ್ (ಜರ್ಮನಿಯ ಮಾನದಂಡ) ಅಥವಾ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ) ನಂಬರ್ ಒತ್ತಿರೋದನ್ನೂ ನೋಡಿ. ಒಂದು ತುದಿ ತೆರೆದ ಬಾಯಿ, ಇನ್ನೊಂದು ರಿಂಗ್ ಇರೋ ಕಾಂಬಿನೇಷನ್ ಸ್ಪ್ಯಾನರ್‌ಗೆ ಡಿಐಎನ್ 3113, ಕೈಯಲ್ಲಿ ತಿರುಗಿಸೋ ಸಾಕೆಟ್‌ಗೆ ಡಿಐಎನ್ 3124. ನಕಲಿ ಮಾಡೋರು ಇದನ್ನೂ ಒತ್ತಬಹುದು, ಆದ್ರೂ ಬರೀ ಕ್ರೋಮ್ ವೆನೇಡಿಯಂ ಅನ್ನೋದಕ್ಕಿಂತ ಇದು ಏನೋ ಒಂದು ಮಾತು ಕೊಟ್ಟ ಹಂಗೆ.

ಪ್ರಶ್ನೆ: ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ತಿರುಗಿಸಿದೆ, ಬಗ್ಗಿಹೋಯ್ತು. ಬದಲಿ ಕೇಳಿದ್ರೆ "ಪೈಪ್ ಹಾಕಿದೀರಿ" ಅಂತ ವಾಪಸ್ ಕಳಿಸಿದ್ರು. ನಾನು ಹೇಳೇ ಇಲ್ಲ, ಅವರಿಗೆ ಹೆಂಗೆ ಗೊತ್ತಾಯ್ತು?

ಸ್ಪ್ಯಾನರ್ರೇ ಹೇಳಿರುತ್ತೆ. ಪೈಪಿನ ಬಾಯಿ ಕೂತ ಜಾಗದಲ್ಲಿ ಕ್ರೋಮ್ ಮೇಲೆ ಅರ್ಧಚಂದ್ರದ ಗೀರು ಬೀಳುತ್ತೆ, ಬಗ್ಗೋದೂ ಸರಿಯಾಗಿ ಅದರ ಹತ್ತಿರಾನೇ. ದಿನಾ ಇದನ್ನೇ ನೋಡೋರಿಗೆ ಒಂದು ನಿಮಿಷ ಬೇಡ.

ಲೆಕ್ಕ ನೋಡಿ. 14ರ ಸ್ಪ್ಯಾನರ್ ಹೆಚ್ಚುಕಮ್ಮಿ 20 ಸೆಂಟಿಮೀಟರ್ ಉದ್ದ, ನೀವು 40 ಕಿಲೋ ಭಾರದಷ್ಟು ಎಳೆದ್ರೆ 80 ನ್ಯೂಟನ್ ಮೀಟರ್ (ತಿರುಗಿಸೋ ಬಲ, ಅಂದ್ರೆ ಟಾರ್ಕಿನ ಅಳತೆ) ಹತ್ರ ಬರುತ್ತೆ. ಅದಕ್ಕೇ ಆ ಉದ್ದ, ಕೈಯಿಂದ ಎಳೆದಾಗ ಆ ಅಳತೆಯ ಬೋಲ್ಟಿಗೂ ಸ್ಪ್ಯಾನರ್‌ಗೂ ತಡೆಯೋಷ್ಟೇ ಬರ್ಲಿ ಅಂತ. ಅದಕ್ಕೆ ಒಂದು ಮೀಟರ್ ಪೈಪ್ ಸಿಕ್ಕಿಸಿ 70 ಕಿಲೋದ ಮನುಷ್ಯ ನೇತಾಡಿದ್ರೆ 690ರ ಹತ್ರ ಹೋಗುತ್ತೆ, ಅಷ್ಟರಲ್ಲಿ ಯಾವುದಾದ್ರೂ ಒಂದು ಸೋಲಲೇಬೇಕು. ನಿಮ್ಮ ಸ್ಪ್ಯಾನರ್ ಬಗ್ಗಿದ್ದು ಪುಣ್ಯ, ಬೋಲ್ಟ್ ಎಂಜಿನ್ ಬ್ಲಾಕಿನೊಳಗೆ ಮುರಿದಿದ್ರೆ ನೀವು ಈ ಪ್ರಶ್ನೆ ಕೇಳೋ ಮೂಡಲ್ಲೇ ಇರ್ತಿರಲಿಲ್ಲ.

ಬಿಡದ ಬೋಲ್ಟಿಗೆ ಬ್ರೇಕರ್ ಬಾರ್ ಅಂತಾನೇ ಇದೆ, ಅದರಲ್ಲಿ ಹಲ್ಲಿಲ್ಲ, ಚಕ್ರ ಇಲ್ಲ, ಸುಮ್ನೆ ಉದ್ದದ ಗಟ್ಟಿ ಕೋಲು, ಆ ಕೆಲಸಕ್ಕೇ ಮಾಡಿದ್ದು. ಅದಕ್ಕೂ ಮುಂಚೆ ತುಕ್ಕಿನ ಸಂದಿಗೆ ಇಳಿಯೋ ಪೆನಿಟ್ರೇಟಿಂಗ್ ಆಯಿಲ್ ಹೊಡೆದು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಬೋಲ್ಟ್ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕೇಟು ಕೊಡಿ, ಮೊದಲು ಒಂದು ಚೂರು ಬಿಗಿ ಮಾಡೋ ಕಡೆ ತಿರುಗಿಸಿ ಆಮೇಲೆ ಬಿಚ್ಚೋ ಕಡೆ. ಬಿಗಿ ಕಡೆ ಕಿರ್ ಅಂತ ಅಲ್ಲಾಡ್ತು ಅಂದ್ರೆ ತುಕ್ಕಿನ ಹಿಡಿತ ಬಿಡ್ತು ಅಂತ.

ಪ್ರಶ್ನೆ: ವರ್ಷದ ಹಿಂದೆ ಕೊಂಡ ರಾಟ್ಚೆಟ್ ಈಗ ಆಗಾಗ ಜಾರ್ತಿದೆ. 72 ಹಲ್ಲಿನದ್ದು ಗಟ್ಟಿ ಅಂತ ಹೇಳಿ ಮಾರಿದ್ರು.

72 ಹಲ್ಲು ಅಂದ್ರೆ ಗಟ್ಟಿ ಅಂತಲ್ಲ, ಸಣ್ಣ ಜಾಗದಲ್ಲಿ ಕೆಲಸ ಮಾಡುತ್ತೆ ಅಂತ. ಒಂದು ಸುತ್ತು 360 ಡಿಗ್ರಿ, 72ರಿಂದ ಭಾಗಿಸಿದ್ರೆ 5 ಡಿಗ್ರಿ, ಅಂದ್ರೆ ಹಿಡಿಯನ್ನ 5 ಡಿಗ್ರಿ ಅಲ್ಲಾಡಿಸೋ ಜಾಗ ಇದ್ರೆ ಸಾಕು ಮುಂದಿನ ಹಲ್ಲು ಹಿಡಿಯುತ್ತೆ. 36 ಹಲ್ಲಿಂದಕ್ಕೆ 10 ಡಿಗ್ರಿ ಬೇಕು. ಆದ್ರೆ ಅದೇ ಅಳತೆಯ ಚಕ್ರದಲ್ಲಿ ಜಾಸ್ತಿ ಹಲ್ಲು ಕೂರಿಸ್ಬೇಕು ಅಂದ್ರೆ ಒಂದೊಂದು ಹಲ್ಲೂ ಚಿಕ್ಕದಾಗ್ಲೇಬೇಕು. ಒಳ್ಳೇ ಕಂಪನಿ ಹಲ್ಲನ್ನ ಹಿಡಿಯೋ ಪಾಲ್ ಅನ್ನೋ ತುಂಡನ್ನ ಅಗಲ ಮಾಡಿ ಒಂದೇ ಸಲಕ್ಕೆ ಹಲವಾರು ಹಲ್ಲು ಕಚ್ಚೋ ಹಂಗೆ ಮಾಡ್ತಾರೆ, ಅಗ್ಗದ್ದರಲ್ಲಿ ಎರಡೋ ಮೂರೋ.

ನಿಮ್ಮದು ಒಡೆದಿಲ್ಲ ಅಂತ ನನ್ನ ಅನುಮಾನ, ಬರೀ ಕೊಳೆ ಇರಬಹುದು. ಬಿಚ್ಚಿ ನೋಡಿ, ಆದ್ರೆ ದೊಡ್ಡ ಬಿಳೀ ಬಟ್ಟೆ ಮೇಲೆ ಇಟ್ಕೊಂಡು ಬಿಚ್ಚಿ, ಯಾಕಂದ್ರೆ ಒಳಗೆ ಅಕ್ಕಿಕಾಳಷ್ಟು ಒಂದು ಸ್ಪ್ರಿಂಗ್ ಇರುತ್ತೆ, ಅದು ಹಾರಿದ್ರೆ ಜನ್ಮದಲ್ಲಿ ಸಿಗಲ್ಲ. ಹಿಂದಿನ ಎರಡು ಸ್ಕ್ರೂ ಅಥವಾ ರಿಂಗ್ ತೆಗೆದ್ರೆ ಮುಚ್ಚಳ ಬರುತ್ತೆ. ಒಳಗೆ ಹಳೇ ಗ್ರೀಸ್ ಮಣ್ಣಿನ ಜೊತೆ ಸೇರಿ ಕಪ್ಪು ಮೇಣ ಆಗಿರುತ್ತೆ, ಪಾಲ್ ಅದರಲ್ಲಿ ಅಂಟ್ಕೊಂಡು ಹಲ್ಲಿನ ತುದೀಲಷ್ಟೇ ಕೂತಿರುತ್ತೆ, ಜೋರು ಹಾಕಿದಾಗ ಜಾರುತ್ತೆ. ಡೀಸೆಲ್ಲಲ್ಲೋ ಸೀಮೆಎಣ್ಣೇಲೋ ತೊಳೆದು, ಒಣಗಿಸಿ, ತೆಳು ಎಣ್ಣೆ ನಾಲ್ಕು ಹನಿ ಹಾಕಿ. ದಪ್ಪ ಗ್ರೀಸ್ ತುಂಬ್ಬೇಡಿ, ಅದು ಮತ್ತೆ ಅದೇ ಕಥೆ. ತೊಳೆದ ಮೇಲೆ ಹಲ್ಲಿನ ತುದಿ ಮೊಂಡಾಗಿ ಹೊಳೀತಿದ್ರೆ ಅದು ಸವೆದಿದೆ, ಆಗ ರಿಪೇರಿ ಕಿಟ್ ಕೇಳಿ. ಒಳ್ಳೇ ರಾಟ್ಚೆಟ್‌ಗೆ ಪಾಲ್, ಚಕ್ರ, ಸ್ಪ್ರಿಂಗು ಬೇರೆ ಸಿಗುತ್ತೆ, ಎಷ್ಟೋ ಕಡೆ ಗ್ಯಾರಂಟೀಲಿ ಹೊಸ ರಾಟ್ಚೆಟ್ ಬದಲು ಈ ಕಿಟ್ಟನ್ನೇ ಕೊಡ್ತಾರೆ. ನನ್ನ ಕೇಳಿದ್ರೆ ಲೈಫ್‌ಟೈಮ್ ಅಂತ ಬರೆದು ಸ್ಪೇರ್ ಇಡದ ರಾಟ್ಚೆಟ್‌ಗಿಂತ ಗ್ಯಾರಂಟಿ ಇಲ್ದಿದ್ರೂ ಸ್ಪೇರ್ ಸಿಗೋ ರಾಟ್ಚೆಟ್ ಮೇಲು.

ಪ್ರಶ್ನೆ: ಸಾಕೆಟ್ ಸೆಟ್ಟಿಗೆ ಲೈಫ್‌ಟೈಮ್ ಇದೆ, ಅದೇ ಕಂಪನಿಯ ಟಾರ್ಕ್ ರೆಂಚ್‌ಗೆ ಯಾಕೆ ಬರೀ ಒಂದು ವರ್ಷ? ಮೋಸ ಅಲ್ವಾ?

ಮೋಸ ಅಲ್ಲ, ಇಲ್ಲಿ ಅವರು ನಿಜ ಹೇಳ್ತಿದಾರೆ. ಸಾಕೆಟ್ ಅಂದ್ರೆ ಒಂದು ತುಂಡು ಉಕ್ಕು, ಟಾರ್ಕ್ ರೆಂಚ್ ಅಂದ್ರೆ ಬೋಲ್ಟನ್ನ ಎಷ್ಟು ಬಲದಲ್ಲಿ ಬಿಗಿ ಮಾಡ್ತಿದೀವಿ ಅಂತ ಅಳೆಯೋ ತಕ್ಕಡಿ. ಒಳಗಿರೋ ಸ್ಪ್ರಿಂಗ್ ಕಾಲ ಕಳೆದಂಗೆ ಸಡಿಲ ಆಗುತ್ತೆ, ಮುರಿಯದೇನೇ ಸುಳ್ಳು ಹೇಳೋಕೆ ಶುರು ಮಾಡುತ್ತೆ, ಮುರಿದ ಟೂಲಿಗಿಂತ ಇದು ಅಪಾಯ. ಐಎಸ್‌ಒ 6789 ಪ್ರಕಾರ 10 ನ್ಯೂಟನ್ ಮೀಟರ್‌ಗಿಂತ ಮೇಲಿನ ಕ್ಲಿಕ್ ರೆಂಚ್ (ಸೆಟ್ ಮಾಡಿದಷ್ಟು ಬಿಗಿ ಆದಾಗ ಕ್ಲಿಕ್ ಅನ್ನೋದು) 4 ಪರ್ಸೆಂಟ್ ಒಳಗೆ ನಿಜ ಹೇಳ್ಬೇಕು, ಬೇರೆ ಲೆಕ್ಕ ಇಟ್ಕೊಂಡಿಲ್ಲ ಅಂದ್ರೆ 12 ತಿಂಗಳಿಗೋ 5000 ಸಲಕ್ಕೋ ಯಾವುದು ಮೊದಲು ಬರುತ್ತೋ ಆಗ ಪರೀಕ್ಷೆ ಮಾಡಿಸ್ಬೇಕು. ಮನೆ ಕೆಲಸಕ್ಕೆ 5000 ಯಾವತ್ತೂ ಆಗಲ್ಲ, ಆದ್ರೆ ತಿಂಗಳುಗಟ್ಟಲೆ 100ರ ಮೇಲೇ ಸೆಟ್ ಮಾಡಿ ಡಿಕ್ಕೀಲಿ ಬಿಸಾಕೋದು ಆಗುತ್ತೆ, ಹಾಳಾಗೋದೇ ಅಲ್ಲಿ. ಕೆಲಸ ಮುಗಿದ ತಕ್ಷಣ ಅದರ ಕನಿಷ್ಠ ಗುರುತಿಗೆ ಇಳಿಸಿ ಇಡಿ, ಅದಕ್ಕಿಂತ ಕೆಳಗೆ ಪೂರ್ತಿ ಬಿಚ್ಚಬೇಡಿ. ಕೆಳಗೆ ಬಿದ್ರೆ ಪರೀಕ್ಷೆ ಮಾಡಿಸೋವರೆಗೆ ನಂಬಬೇಡಿ. ಬೋಲ್ಟ್ ಬಿಚ್ಚೋಕೆ ಅದನ್ನ ಬಳಸಲೇಬೇಡಿ.

ಇನ್ನೊಂದು, ಒಣ ಥ್ರೆಡ್ಡಿಗೆ ಅಂತ ಕೊಟ್ಟಿರೋ ಟಾರ್ಕನ್ನ ಎಣ್ಣೆ ಸವರಿದ ಥ್ರೆಡ್ಡಿಗೆ ಹಾಕಿದ್ರೆ ಉಜ್ಜಾಟ ಕಮ್ಮಿ ಆಗಿ ಬೋಲ್ಟ್ ಜಾಸ್ತಿ ಎಳೆಯುತ್ತೆ, ಕ್ಲಿಕ್ ಸರಿಯಾಗೇ ಬಂದಿರುತ್ತೆ ಆದ್ರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತೆ. ಆಮೇಲೆ ರೆಂಚಿಗೆ ಬೈಯೋದು.

ಪ್ರಶ್ನೆ: ಕಾರ್ಡ್‌ಲೆಸ್ ಇಂಪ್ಯಾಕ್ಟ್ ಗನ್ ತಗೊಂಡೆ. ಮನೇಲಿರೋ ಹೊಳೆಯೋ ಸಾಕೆಟ್ಟೇ ಹಾಕಿ ವೀಲ್ ನಟ್ ಬಿಚ್ತಿದೀನಿ, ಇಲ್ಲಿವರೆಗೂ ಏನೂ ಆಗಿಲ್ಲ.

ಇವತ್ತೇ ನಿಲ್ಸಿ. ಗನ್ ತಿರುಗಿಸೋದಲ್ಲ, ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತೆ. ಕ್ರೋಮ್ ಹೊಳಪಿನ ಕೈಸಾಕೆಟ್ ಗೋಡೆ ತೆಳು, ಹದ ಗಡಸಿನ ಕಡೆ ಇರುತ್ತೆ, ಬಡಿತಕ್ಕೆ ಒಳಗೊಳಗೇ ಬಿರುಕು ಬಿಟ್ಟು ಒಂದು ದಿನ ಚೂರಾಗುತ್ತೆ, ಕ್ರೋಮ್ ಪದರ ಬ್ಲೇಡಿನಂಗೆ ಎದ್ದು ಹಾರುತ್ತೆ, ಅದು ಹಾರೋ ಎತ್ತರಕ್ಕೆ ಸರಿಯಾಗಿ ನಿಮ್ಮ ಮುಖ ಇರುತ್ತೆ. ಗನ್ನಿಗೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್, ಸಾಮಾನ್ಯವಾಗಿ ಕ್ರೋಮ್ ಮಾಲಿಬ್ಡಿನಂ ಉಕ್ಕು, ಗೋಡೆ ದಪ್ಪ, ಡಿಐಎನ್ 3129. 17, 19, 21 ಮೂರು ತಗೊಂಡ್ರೆ ಹೆಚ್ಚಿನ ಕಾರುಗಳ ಚಕ್ರಕ್ಕೆ ಸಾಕು. ಕನ್ನಡಕ ಹಾಕ್ಕೊಳ್ಳಿ. ಗ್ಯಾರಂಟಿ ವಿಷಯ ಕೇಳ್ಲೇಬೇಡಿ, ಗನ್ನಿಗೆ ಹಾಕಿದ ಕ್ರೋಮ್ ಸಾಕೆಟ್ಟನ್ನ ಯಾರೂ ಬದಲಿ ಕೊಡಲ್ಲ, ಕೊಡಲೂಬಾರದು.

ಪ್ರಶ್ನೆ: ಸ್ಟಾರ್ ಸ್ಕ್ರೂ ಡ್ರೈವರ್ ತುದಿ ಆರು ತಿಂಗಳಿಗೇ ಸವೆದುಹೋಗುತ್ತೆ. ಯಾವ ಕಂಪನೀದು ತಗೊಳ್ಳಲಿ?

ಕಂಪನಿ ಆಮೇಲೆ, ಮೊದಲು ಸ್ಕ್ರೂ ತಲೆ ನೋಡಿ. ಸ್ಟಾರ್ ಥರ ಕಾಣೋದೆಲ್ಲ ಫಿಲಿಪ್ಸ್ (ನಮ್ಮ ಮಾಮೂಲಿ ಪ್ಲಸ್ ಗುರುತಿನದ್ದು) ಅಲ್ಲ. ಜಪಾನಿ ಗಾಡಿಗಳಲ್ಲಿ ಜೆಐಎಸ್ (ಜಪಾನಿನ ಮಾನದಂಡ) ಅಂತ ಬೇರೆ ಅಳತೆಯ ಸ್ಕ್ರೂ ಬರ್ತಿತ್ತು, ಎಷ್ಟೋ ಸಲ ತಲೆ ಮೇಲೆ ಒಂದು ಚಿಕ್ಕ ಚುಕ್ಕಿ ಇರುತ್ತೆ. ಅದಕ್ಕೆ ಫಿಲಿಪ್ಸ್ ಹಾಕಿದ್ರೆ ಪೂರ್ತಿ ಕೂರಲ್ಲ, ಮೇಲೆದ್ದು ಜಾರುತ್ತೆ, ಸ್ಕ್ರೂನೂ ಹೋಯ್ತು ತುದೀನೂ ಹೋಯ್ತು. ಪೋಜಿಡ್ರೈವ್ ಇನ್ನೊಂದು, ಅದರಲ್ಲಿ ಪ್ಲಸ್ ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆ. ಸರಿಯಾದ ತುದಿ ಹಾಕಿ, ತಿರುಗಿಸೋ ಬಲದಷ್ಟೇ ಬಲದಲ್ಲಿ ಒತ್ತಿ ಹಿಡೀರಿ, ಅರ್ಧ ಸವೆತ ನಿಂತುಹೋಗುತ್ತೆ. ಡ್ರೈವರ್ ತುದಿ, ಬಿಟ್ಟು, ಹ್ಯಾಕ್‌ಸಾ ಬ್ಲೇಡು, ಅರ, ಇವನ್ನ ಹೆಚ್ಚಿನ ಕಂಪನಿಗಳು ಸವೆಯೋ ಸಾಮಾನು ಅಂತ ಗ್ಯಾರಂಟಿಯಿಂದ ಹೊರಗೇ ಇಡ್ತಾರೆ. ಡಬ್ಬ ತೆಗೆಯೋಕೆ, ಉಳಿ ಥರ ಹೊಡೆಯೋಕೆ ಬಳಸಿದ್ದಂತೂ ನೀವೇ ಮರ್ತುಬಿಡಿ.

ಪ್ರಶ್ನೆ: ಎತ್ತಿದ ಕಾರಿಗೆ ಆಸರೆ ಕೊಡೋ ಜಾಕ್ ಸ್ಟ್ಯಾಂಡ್‌ಗೂ ಲೈಫ್‌ಟೈಮ್ ಗ್ಯಾರಂಟಿ ಇದ್ರೆ ನಂಬಬಹುದಾ?

ಇಲ್ಲಿ ಮಾತ್ರ ಗ್ಯಾರಂಟಿ ಅನ್ನೋ ಪದಾನೇ ನನಗೆ ಇಷ್ಟ ಆಗಲ್ಲ. ಸ್ಟ್ಯಾಂಡ್ ಮುರಿದ್ರೆ ಬದಲಿ ತಗೊಳ್ಳೋಕೆ ಹೋಗೋರು ಯಾರು?

2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಅನ್ನೋ ಟೂಲ್ ಕಂಪನಿ ತನ್ನ 3 ಟನ್ ಮತ್ತು 6 ಟನ್‌ನ ಕೆಲವು ಸ್ಟ್ಯಾಂಡ್‌ಗಳನ್ನ ವಾಪಸ್ ಕರೀತು, ಮೇಲಿನ ಭಾರ ಅಲ್ಲಾಡಿದ್ರೆ ಹಲ್ಲಿನ ಹಿಡಿತ ತಪ್ಪಿ ಧಡಕ್ಕನೆ ಇಳಿಯೋ ಸಾಧ್ಯತೆ ಇದೆ ಅಂತ. ಅದಕ್ಕಿಂತ ಬೇಜಾರಿನ ವಿಷಯ, ಬದಲಿಗೆ ಅಂತ ಇಟ್ಟಿದ್ದ ಸ್ಟ್ಯಾಂಡ್‌ಗಳಲ್ಲೂ ಕೆಲವನ್ನ ವೆಲ್ಡಿಂಗ್ ದೋಷ ಅಂತ ಅದೇ ವರ್ಷ ಮತ್ತೆ ವಾಪಸ್ ಕರೀಬೇಕಾಯ್ತು. ಹಂಗಾಗಿ ಹೊಸದಾಗ್ಲಿ ಹಳೇದಾಗ್ಲಿ ಪ್ರತೀ ಸಲ ನೀವೇ ನೋಡ್ಬೇಕು: ವೆಲ್ಡಿಂಗ್ ಸಾಲು ಪೂರ್ತಿ ಇದ್ಯಾ, ಪಾಲ್ ಹಲ್ಲಿನ ಬುಡದವರೆಗೂ ಕೂತಿದ್ಯಾ, ನಾಲ್ಕು ಕಾಲೂ ನೆಲ ಮುಟ್ಟಿದ್ಯಾ. ಹಲ್ಲಿನ ಜೊತೆಗೆ ಅಡ್ಡ ಪಿನ್ ಹಾಕೋ ಥರದ್ದು ಸಿಕ್ರೆ ಅದೇ ತಗೊಳ್ಳಿ. ಕಾರನ್ನ ಸ್ಟ್ಯಾಂಡಿಗೆ ಇಳಿಸಿದ ಮೇಲೆ, ಅದರ ಕೆಳಗೆ ಹೋಗೋ ಮುಂಚೆ ಪಕ್ಕದಿಂದ ಕೈಯಲ್ಲಿ ತಳ್ಳಿ ನೋಡಿ. ಬಿಚ್ಚಿದ ಚಕ್ರನ ಬಾಗಿಲ ಕೆಳಗೆ ಮಲಗಿಸಿ ಇಡೋದು ನಮ್ಮ ಮನೇಲಿ ರೂಲು. ಕೇವಲ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷನೂ ಬೇಡ, ಒಳಗಿನ ಒಂದು ರಬ್ಬರ್ ಸೀಲ್ ಸೋರಿದ್ರೆ ಹೈಡ್ರಾಲಿಕ್ ಜಾಕ್ ಇಳಿಯುತ್ತೆ.

ಪ್ರಶ್ನೆ: ಅಪ್ಪನ ಹಳೇ ಪಾನಾಗಳ ಪೆಟ್ಟಿಗೆ ಸಿಕ್ಕಿದೆ, ಪೂರ್ತಿ ತುಕ್ಕು. ಬಳಸಬಹುದಾ? ಗ್ಯಾರಂಟಿ ಕೇಳಬಹುದಾ?

ಮೊದಲು ಅಳತೆ ನೋಡಿ. ಹಳೇ ಪೆಟ್ಟಿಗೇಲಿ ಇಂಚಿನವು ಇರೋ ಸಾಧ್ಯತೆ ಜಾಸ್ತಿ. ಮುಕ್ಕಾಲು ಇಂಚು ಅಂದ್ರೆ 19.05 ಮಿಲಿಮೀಟರ್, 19ರ ನಟ್ಟಿಗೆ ಆರಾಮಾಗಿ ಕೂರುತ್ತೆ. ಐದು ಹದಿನಾರನೇ ಇಂಚು 7.94, ಅದು ಹೆಚ್ಚುಕಮ್ಮಿ 8. ಆದ್ರೆ ಅರ್ಧ ಇಂಚು 12.7, ಅದು 13ರ ಬೋಲ್ಟಿಗೆ ಕೂರಲ್ಲ, 12ರದ್ದಕ್ಕೆ ಸಡಿಲ, ಒತ್ತಾಯ ಮಾಡ್ಬೇಡಿ. ಇನ್ನು ಕೆಲವದರ ಮೇಲೆ ಅರ್ಧ ಇಂಚು ಅಂತ ಬರೆದಿದ್ದು ಬಾಯಿ ಮುಕ್ಕಾಲು ಇಂಚಿಗಿಂತ ದೊಡ್ಡದಾಗಿ ಕಂಡ್ರೆ ಗಾಬರಿ ಬೇಡ, ಅದು ವಿಟ್‌ವರ್ತ್ ಅಂತ ಹಳೇ ಬ್ರಿಟಿಷ್ ಲೆಕ್ಕ, ಅವರು ಬೋಲ್ಟಿನ ತಲೆಯದ್ದಲ್ಲ, ಕಾಂಡದ ಅಳತೆ ಬರೀತಿದ್ರು.

ತುಕ್ಕು ತೆಗೆಯೋಕೆ ಬೆಂಕೀಲಿ ಕೆಂಪಗೆ ಕಾಯಿಸೋದು ಮಾತ್ರ ಬೇಡ, ಹದ ಪೂರ್ತಿ ಹೋಗುತ್ತೆ, ಆಮೇಲೆ ಅದು ಸ್ಪ್ಯಾನರ್ ಆಕಾರದ ಮೆತ್ತನೆ ಕಬ್ಬಿಣ. ಕಟು ಆಸಿಡ್‌ನಲ್ಲಿ ನೆನೆಹಾಕಿ ಮರೆಯೋದೂ ಬೇಡ, ಹದ ಮಾಡಿದ ಉಕ್ಕು ಆಸಿಡ್‌ನಿಂದ ಹೈಡ್ರೋಜನ್ ಹೀರಿ ಪೆಡಸಾಗಬಹುದು. ವೈರ್ ಬ್ರಷ್ಷು, ಎಣ್ಣೆ, ತಾಳ್ಮೆ ಸಾಕು. ಉಜ್ಜಿದ ಮೇಲೆ ಬಾಯಿಯ ಮೂಲೆಗಳಲ್ಲಿ ಬಿರುಕು ಇದ್ಯಾ ನೋಡಿ, ಇದ್ರೆ ಗೋಡೆಗೆ ನೇತುಹಾಕಿ. ಕ್ರೋಮ್ ಎದ್ದು ಬರ್ತಿದ್ರೂ ಅಷ್ಟೇ, ಅಂಗೈ ಕೊಯ್ಯುತ್ತೆ. ಗ್ಯಾರಂಟಿ ಹೆಚ್ಚಿನವರು ಮೊದಲು ಕೊಂಡವರಿಗೆ ಅಂತಾನೇ ಬರೆದಿರ್ತಾರೆ, ಕೇಳಿ ನೋಡೋಕೇನು ಖರ್ಚಿಲ್ಲ. ಆದ್ರೆ ನನಗೆ ಅಂಥ ಪೆಟ್ಟಿಗೆ ಸಿಕ್ಕಿದ್ರೆ, ಅಪ್ಪನ ಕೈ ಹಿಡಿದು ಹಿಡಿದು ನುಣುಪಾದ ಸ್ಪ್ಯಾನರ್ ಕೊಟ್ಟು ಹೊಸದು ತಗೊಂಡು ಬರೋ ಮನಸ್ಸು ನನಗಂತೂ ಬರ್ತಿರಲಿಲ್ಲ.

ಪ್ರಶ್ನೆ: 10ರ ಸಾಕೆಟ್ ಕಳೆದುಹೋದ್ರೆ ಲೈಫ್‌ಟೈಮ್ ಗ್ಯಾರಂಟೀಲಿ ಕೊಡ್ತಾರಾ?

ಕೊಡಲ್ಲ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿ, ಅಲ್ಲಿರುತ್ತೆ. ನಂದು ಎರಡು ಅಲ್ಲೇ ಸಿಕ್ಕಿದ್ವು. ಕವರ್ ಬಿಚ್ಚೋಕೆ 10ರ ಸಾಕೆಟ್ಟೇ ಬೇಕು ಅನ್ನೋದು ಬೇರೆ ಮಾತು.